ಎಬ್ಬಿಸಬಾರದ ಕಪ್ಪೆ

ಮದುವೆಯಾಗಿ ಹೋದ ಮಗಳು ಬೆಳಬೆಳಿಗ್ಗೆ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಬೆಣ್ಣೆ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರೆ ಯಾವ ತಾಯಿಯ ಕಣ್ಣಿಗಾದರೂ ಮೊದಲು ಬೀಳುವುದು ಸೂಟ್‌ಕೇಸೇ. ಇಸ್ತ್ರಿಯಕ್ಕನಿಗೂ ಹಾಗೇ ಆಯಿತು. ಅದು ಮದುವೆಗೆಂದು ಕೊಡಿಸಿದ ದೊಡ್ಡ ಸೂಟ್‌ಕೇಸು. ಎರಡು ದಿನ ಇದ್ದು ಹೋಗುವವರು ಅಂಥದನ್ನು ಹೊತ್ತು ತರುವುದಿಲ್ಲ. ಡಬ್ಬಿಯಲ್ಲಿ ಕಪ್ಪೆ ಇದೆ ಎಂದು ಗೊತ್ತಾದದ್ದು ಆಮೇಲೆ, ಮೊಮ್ಮಗಳು ಬೆಣ್ಣೆ ತಂದಿದ್ದಾಳೆಂದು ಅಜ್ಜಿ ಆಸೆಯಿಂದ ಮುಚ್ಚಳ ತೆಗೆದಾಗ.

ಅಜ್ಜಿ ಕಿರುಚಲಿಲ್ಲ. ಮುಚ್ಚಳವನ್ನು ಮೊದಲಿನಂತೆಯೇ ಮುಚ್ಚಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿನ್ನ ಗಂಡನ ಮನೆಯವರು ಬೆಣ್ಣೆ ಕೊಟ್ಟು ಕಳಿಸೋ ಪೈಕಿ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು," ಎಂದಳು.

ಅವತ್ತು ಇಸ್ತ್ರಿಯಕ್ಕನಿಗೆ ವಾರದ ರಜೆ. ಅವಳು ದೊಡ್ಡ ಹೋಟೆಲೊಂದರ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಉಳಿದ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಹೋಗಿ, ಬಿಸಿ ಉರುಳೆಯ ಮುಂದೆ ನಿಂತು, ಜೊತೆಗಾರ್ತಿಯೊಂದಿಗೆ ಅಂಚು ಹಿಡಿದು ಒದ್ದೆ ಬಟ್ಟೆಗಳನ್ನು ಒಳಗೆ ಬಿಡುತ್ತ ಮಧ್ಯಾಹ್ನ ಮಾಡುತ್ತಿದ್ದಳು. ಮನೆ ಸೇರುವ ಹೊತ್ತಿಗೆ ಅವಳ ಪಾದ ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಗಂಡ ಊರೊಳಗಿನ ಬಸ್ಸು ಓಡಿಸುತ್ತಿದ್ದ; ಓಣಿಯವರಿರಲಿ, ಹೆತ್ತ ತಾಯಿಯೂ ಅವನನ್ನು ಡ್ರೈವರೇ ಎಂದು ಕರೆಯುತ್ತಿದ್ದಳು. ಒಬ್ಬಳೇ ಮಗಳು ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಒಲೆ ನೋಡಿಕೊಳ್ಳುವವಳು. ಇಡೀ ಊರು ಬೆಳಿಗ್ಗೆ ತಿನ್ನುವ ಬ್ರೆಡ್ಡು ಅವಳ ಕಣ್ಣೆದುರು ಉಬ್ಬಿ ಕೆಂಪಾಗಬೇಕು. ಕೈಕೆಳಗೆ ಎಂಟು ಜನರನ್ನಿಟ್ಟುಕೊಂಡು ದುಡಿಯುವ ಈ ಹೆಂಗಸನ್ನು ಮನೆಯಲ್ಲಿ ಇವತ್ತಿಗೂ ಕರೆಯುವುದು ಪಾಪು ಎಂದೇ.

ಪಾಪು ಬಂದವಳೇ ಸ್ನಾನದ ಮನೆಯ ಬಕೆಟ್ಟಿಗೆ ಚೀಲದಲ್ಲಿ ತಂದಿದ್ದ ಒದ್ದೆ ಮಣ್ಣು ಸುರಿದು ಕಪ್ಪೆಯನ್ನು ಅದರೊಳಗೆ ಬಿಟ್ಟಳು. ಅಡುಗೆಮನೆಯ ಹಿಂದಿನ ಸಾಮಾನು ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿಕೊಂಡು ಬಿದ್ದುಕೊಂಡಳು. ಏನು, ಎತ್ತ ಎಂದು ತಾಯಿ ಕೇಳಿದರೆ, ನಿದ್ದೆ ಮಾಡಬೇಕು ಎಂದಷ್ಟೇ ಹೇಳಿದಳು. ತಾಯಿ ಸ್ವಲ್ಪ ಹೊತ್ತು ಬಿಟ್ಟು ತಿಂಡಿಗೆ ಎಬ್ಬಿಸಿದಳು. ಮತ್ತೆ ಊಟಕ್ಕೆ ಎಬ್ಬಿಸಿದಳು. ಸಂಜೆ ಚಹಾ ಆರಿಹೋಗುತ್ತದೆಂದು ಇನ್ನೊಮ್ಮೆ ಎಬ್ಬಿಸಿದಳು.

ಇದು ಆ ಮನೆಯ ಕಟ್ಟಳೆ. ಅಲ್ಲಿ ಯಾರೂ ಹಸಿದು ಮಲಗುವ ಹಾಗಿರಲಿಲ್ಲ. ಇಸ್ತ್ರಿಯಕ್ಕ ಹುಟ್ಟಿ ಬೆಳೆದ ಮನೆಯಲ್ಲಿ ಮಕ್ಕಳು ಹೆಚ್ಚು, ಪಾತ್ರೆ ಚಿಕ್ಕದು. ಮಲಗಿದವರ ಪಾಲು ಎದ್ದಿದ್ದವರ ಹೊಟ್ಟೆಗೆ ಹೋಗುತ್ತಿತ್ತು. ಕಣ್ಣು ಬಿಟ್ಟಾಗ ಬೋರಲು ಹಾಕಿದ ಪಾತ್ರೆ ನೋಡಿದ ನೆನಪು ಅವಳಿಗೆ ಇನ್ನೂ ಹೋಗಿರಲಿಲ್ಲ. ಹಾಗಾಗಿ ತನ್ನದೇ ಮನೆ ಎಂದಾದ ಮೇಲೆ, ಯಾವ ಪಾಳಿ ಮುಗಿಸಿ ಬಂದರೂ ಗಂಡನನ್ನು ಎಬ್ಬಿಸಿ ಉಣಿಸಿದಳು, ಜ್ವರ ಬಂದ ಮಗಳನ್ನು ಎಬ್ಬಿಸಿ ಗಂಜಿ ಕುಡಿಸಿದಳು, ಗೊರಕೆ ಹೊಡೆಯುವ ಅತ್ತೆಯನ್ನು ಎಬ್ಬಿಸಿ ಹಾಲು ಕೊಟ್ಟಳು. ಪ್ರೀತಿ ಅಂದರೆ ಅವಳಿಗೆ ಗೊತ್ತಿದ್ದದ್ದು ಇದೇ.

ಸಂಜೆ ಎಲ್ಲರೂ ತಟ್ಟೆ ಮುಂದೆ ಕೂತಾಗ ವಿಷಯ ಹೊರಬಿತ್ತು.

"ಹೊಡೆದ್ರಾ?" ತಾಯಿ ಕೇಳಿದಳು.

"ಇಲ್ಲ."

"ಬೈದ್ರಾ?"

"ಅದೂ ಇಲ್ಲ."

"ಮತ್ತೆ?"

"ಮಲಗೋಕೆ ಬಿಡಲ್ಲ ಅಮ್ಮ."

ಬೆಳಿಗ್ಗೆ ಕೆಲಸದಿಂದ ಬಂದು ತಲೆ ಇಟ್ಟರೆ ಸಾಕು, ಅತ್ತೆ ಬಾಗಿಲು ತೆಗೆಯುತ್ತಾಳೆ; ಬೀರುವಿನ ಕೀಲಿ ಎಲ್ಲಿ ಎಂದು ಒಮ್ಮೆ, ತಿಂದು ಮಲಗು ಎಂದು ಇನ್ನೊಮ್ಮೆ, ಸೊಸೆಯನ್ನು ನೋಡಲು ಯಾರೋ ಬಂದಿದ್ದಾರೆ ಎಂದು ಮತ್ತೊಮ್ಮೆ. ಹಗಲು ಮಲಗುವ ಸೊಸೆ ಎಂದು ನಾಲ್ಕು ಮನೆಗೆ ಸುದ್ದಿ. ಗಂಡ ಕೆಟ್ಟವನಲ್ಲ. ಆದರೆ ಅವಳು ಮಲಗಿದ್ದಾಗ ಬಾಗಿಲು ಮುಚ್ಚಿ ಮಾತಾಡಬೇಕೆಂಬುದೇ ಅವನಿಗೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಜನರೇಟರಿಗೆ ಅಡಿಪಾಯ ತೋಡುವಾಗ ಸಿಕ್ಕಿದ ಕಪ್ಪೆ ಇದು; ಸನಿಕೆಗೆ ಸಿಗುವುದು ತಪ್ಪಿ ಬದುಕಿದೆ ಎಂದು ಮನೆಗೆ ತಂದು ಬಕೆಟ್ಟಿನ ಮಣ್ಣಲ್ಲಿಟ್ಟಿದ್ದಳು. ಅದು ಹಗಲು ಮಣ್ಣೊಳಗಿರುತ್ತದೆ, ಕತ್ತಲಾದ ಮೇಲೆ ಮೇಲೆ ಬರುತ್ತದೆ. ಇದೆಯೋ ಸತ್ತಿದೆಯೋ ನೋಡೋಣವೆಂದು ಅತ್ತೆ ಒಂದು ದಿನ ಬಕೆಟ್ಟನ್ನೇ ನೆಲಕ್ಕೆ ಮಗುಚಿದಳು. ಅದೇ ವಾರ ಪಾಪುವಿಗೆ ಒಲೆಯ ಬಾಯಿಯ ಮುಂದೆ ನಿಂತಲ್ಲೇ ಕಣ್ಣು ಮುಚ್ಚಿತ್ತು. ಪಕ್ಕದವನು ತೋಳು ಹಿಡಿದೆಳೆಯದಿದ್ದರೆ ಮುಖ ಉಳಿಯುತ್ತಿರಲಿಲ್ಲ.

ಡ್ರೈವರು ತುತ್ತು ನುಂಗಿ ಹೇಳಿದ, "ಹೊಡೀಲಿಲ್ಲ, ಬಡೀಲಿಲ್ಲ, ಊಟಕ್ಕೆ ಎಬ್ಬಿಸಿದ್ರು ಅಂತ ಗಂಡನ್ನ ಬಿಟ್ಟು ಬಂದ್ಲು. ಡಿಪೋದಲ್ಲಿ ಯಾರಾದ್ರೂ ಕೇಳಿದ್ರೆ ನಾನು ಏನಂತ ಹೇಳಲಿ?"

"ನಿದ್ದೆಗೆಟ್ಟಿದ್ದಾಳೆ ಅಂತ ಹೇಳು," ಅಂದಳು ಅಜ್ಜಿ. "ನಿದ್ದೆಗೆಟ್ಟು ಬಸ್ಸು ಓಡಿಸಿದ್ರೆ ಏನಾಗುತ್ತೆ ಅಂತ ನಿನ್ನ ಡಿಪೋದವರಿಗೆ ಗೊತ್ತಿರುತ್ತಲ್ಲ."

ಆ ಕೆಲಸ ಬಿಟ್ಟುಬಿಟ್ಟರೆ ರಾತ್ರಿಯೇ ಮಲಗಬಹುದಲ್ಲ ಎಂದು ತಾಯಿ ಮೆಲ್ಲಗೆ ಅಂದು ನೋಡಿದಳು. ಮಗಳು ತಲೆ ಎತ್ತಲಿಲ್ಲ. ಹಿಟ್ಟು ಹೊರುವುದರಿಂದ ಶುರುಮಾಡಿ ಒಲೆಯವರೆಗೆ ಬಂದಿದ್ದೇನೆ, ಬಿಡುವುದಿಲ್ಲ ಎಂದಳು. ಇಸ್ತ್ರಿಯಕ್ಕನಿಗೆ ಅದು ಹಟವೆನಿಸಿತು. ಇಲ್ಲಿ ಎರಡು ವಾರ ಹೊಟ್ಟೆ ತುಂಬ ಉಂಡರೆ ಸರಿಹೋಗುತ್ತಾಳೆ, ಆಮೇಲೆ ತಾನೇ ಹೋಗಿ ಗಂಡನ ಮನೆಗೆ ಬಿಟ್ಟು ಬಂದರಾಯಿತು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಳು.

ಕಪ್ಪೆಗೆ ಒಂದು ಸರಿಯಾದ ಗಾಜಿನ ತೊಟ್ಟಿ ಬೇಕು ಎಂದು ಪಾಪು ಕೇಳಿದಾಗ ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಡ್ರೈವರು ಆಗದೆಂದ. ಬಕೆಟ್ಟಲ್ಲಿದ್ದರೆ ಅದು ನೆಂಟರ ಹಾಗೆ, ಇವತ್ತಲ್ಲ ನಾಳೆ ಹೊರಡುತ್ತದೆ. ಗಾಜಿನ ಮನೆ ಕಟ್ಟಿಕೊಟ್ಟರೆ ಕಪ್ಪೆಯೂ ಇಲ್ಲೇ, ಮಗಳೂ ಇಲ್ಲೇ ಎಂಬುದು ಅವನ ಲೆಕ್ಕ. ಹಾಗೆಂದು ಬಾಯಿಬಿಟ್ಟೇ ಹೇಳಿದ. ಅಜ್ಜಿ, ಕಪ್ಪೆಗಾದರೂ ಒಂದು ಮನೆ ಆಗಲಿ ಬಿಡು ಎಂದಳು. ಇಸ್ತ್ರಿಯಕ್ಕನ ಚಿಂತೆಯೇ ಬೇರೆ. ಬದುಕಿಡೀ ಮನೆಯಿಂದ ಮಣ್ಣು ಗುಡಿಸಿ ಹೊರಗೆ ಹಾಕಿದವಳು ಅವಳು. ಮಣ್ಣನ್ನು ಕಷ್ಟಪಟ್ಟು ಹೊತ್ತು ಒಳಗೆ ತಂದು, ಅದಕ್ಕೊಂದು ಪೆಟ್ಟಿಗೆ ಮಾಡಿಡುವುದು ಯಾವ ಸೀಮೆಯ ನ್ಯಾಯ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಕೊನೆಗೆ ಸೋತವನು ಡ್ರೈವರೇ. ದಿನಾ ಬೆಳಿಗ್ಗೆ ಮೈಗೆ ನೀರು ಹಾಕಿಕೊಳ್ಳುವಾಗ ಪಕ್ಕದ ಬಕೆಟ್ಟಿನಿಂದ ಎರಡು ಕಣ್ಣು ನೋಡುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಯಾವುದೇ ಕೆಲಸ ಅರೆಬರೆಯಾಗಿದ್ದರೆ ಅವನಿಗೆ ನಿಲ್ಲಲು ಕೂರಲು ಆಗುತ್ತಿರಲಿಲ್ಲ. ಒಂದು ಸಂಜೆ ಕ್ಷೌರದಂಗಡಿಯಲ್ಲಿ ಮೀನು ಸತ್ತ ಮೇಲೆ ಬಾಚಣಿಗೆ, ಹಳೇ ಪೇಪರು ತುಂಬಿಟ್ಟಿದ್ದ ದೊಡ್ಡ ಗಾಜಿನ ತೊಟ್ಟಿಯನ್ನು ಕೇಳಿ ಪಡೆದು, ಕೊನೆಯ ಟ್ರಿಪ್ಪಿನ ಬಸ್ಸಲ್ಲಿ ಸೀಟಿನ ಮೇಲೆ ಕೂರಿಸಿಕೊಂಡು ಬಂದ. ಕಂಡಕ್ಟರು ಅದಕ್ಕೂ ಟಿಕೆಟ್ಟು ಹರಿಯಲೇ ಎಂದು ಕೇಳಿದನಂತೆ. ಮನೆಗೆ ಬಂದು ಅದನ್ನು ಹೇಳುವಾಗ ಡ್ರೈವರು ನಗಲಿಲ್ಲ, ಆದರೆ ಎರಡು ಸಲ ಹೇಳಿದ.

ಅವನ ರಜೆಯ ದಿನ ಕೆಲಸ ಶುರುವಾಯಿತು. ತೊಟ್ಟಿಯನ್ನು ಇಸ್ತ್ರಿಯಕ್ಕ ಹೋಟೆಲಿನ ಸೋಪಿನ ಪುಡಿ ಹಾಕಿ ಫಳಫಳ ಉಜ್ಜಿದಳು. ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ, ಸೋಪಿನ ವಾಸನೆ ಒಂದಿಷ್ಟು ಉಳಿದರೂ ವಿಷ ಎಂದು ಪಾಪು ಮತ್ತೆ ಮತ್ತೆ ತೊಳೆಸಿದಳು. ನಲ್ಲಿಯ ನೀರನ್ನು ನೇರವಾಗಿ ಹಾಕುವ ಹಾಗಿಲ್ಲ, ಹಿಂದಿನ ದಿನವೇ ಹಿಡಿದು ಬಾಯ್ತೆರೆದಿಟ್ಟು ಔಷಧಿಯ ಘಾಟು ಹೋಗಿರಬೇಕು. ಗೊಬ್ಬರ ಕಂಡ ಮಣ್ಣು ಆಗದು. ಹಾಗಾಗಿ ಕಪ್ಪೆ ಸಿಕ್ಕಿದ ಆ ಅಡಿಪಾಯದ ಗುಡ್ಡೆಯಿಂದಲೇ ಎರಡು ಹಿಟ್ಟಿನ ಚೀಲ ಮಣ್ಣು ಬಂತು. ತಳಕ್ಕೆ ಬೆಣಚುಕಲ್ಲು, ಅದರ ಮೇಲೆ ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಕಲಸಿದ್ದು. ಪಾಪು ನೆಲದ ಮೇಲೆ ಕೂತು ನೀರು ಚಿಮುಕಿಸುತ್ತ ಎರಡೂ ಕೈಯಿಂದ ಅದನ್ನು ಕಲಸಿದಳು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಬ್ರೆಡ್ಡಿನ ಹಿಟ್ಟು ನೋಡುವ ಕಣ್ಣಿಗೆ ಅದು ಕಷ್ಟವಾಗಲಿಲ್ಲ. ಎರಡು ಗೇಣು ಆಳ ತುಂಬಿದ ಮೇಲೆ ಡ್ರೈವರು ಹಲಗೆ ತಂದು ತಟ್ಟಿ ಮಟ್ಟ ಮಾಡಲು ಹೊರಟ.

"ತಟ್ಟಬೇಡಿ ಅಪ್ಪ, ಅದು ಅಗೀಬೇಕು."

"ಮಟ್ಟ ಇಲ್ಲದಿದ್ರೆ ನೋಡೋಕೆ ಚೆನ್ನಾಗಿರುತ್ತಾ?"

"ನೋಡೋಕಲ್ಲ ಅದು, ಇರೋಕೆ."

ಅವನು ಹಲಗೆ ಗೋಡೆಗೆ ಒರಗಿಸಿ, ಮುಚ್ಚಳಕ್ಕೆ ತಂತಿಬಲೆ ಕಟ್ಟಲು ಕೂತ. ಅದನ್ನು ಮಾತ್ರ ಇಂಥ ಕೆಲಸಕ್ಕೇ ಹುಟ್ಟಿದವನ ಹಾಗೆ ಮಾಡಿದ. ಒಂದು ತಂತಿಯ ತುದಿಯೂ ಕೈಗೆ ಚುಚ್ಚುತ್ತಿರಲಿಲ್ಲ. ತೊಟ್ಟಿಯನ್ನು ಸಾಮಾನು ಕೋಣೆಯಲ್ಲಿ, ಬಿಸಿಲು ಬೀಳದ ಗೋಡೆಯ ಬದಿಗೆ ಇಟ್ಟರು. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರು, ಅಡಗಲು ಒಂದು ಒಡೆದ ಕುಂಡದ ಚೂರು. ಪಾಪು ಬಕೆಟ್ಟಿನಿಂದ ಕಪ್ಪೆಯನ್ನು ತೆಗೆದು ಬಿಟ್ಟಳು. ನಾದಿಟ್ಟ ಹಿಟ್ಟಿನ ಉಂಡೆಗೆ ಕಣ್ಣು ಮೂಡಿದ ಹಾಗಿತ್ತು ಅದು. ಒಂದು ಕ್ಷಣ ಕೂತು, ಹಿಂಗಾಲನ್ನು ಆ ಕಡೆ ಈ ಕಡೆ ಒದೆಯುತ್ತ, ಹಿಂದಕ್ಕೆ ಹಿಂದಕ್ಕೆ ಇಳಿಯತೊಡಗಿತು. ಬೆನ್ನು ಹೋಯಿತು, ಹೊಟ್ಟೆ ಹೋಯಿತು, ಕೊನೆಗೆ ಕಣ್ಣೂ ಹೋಗಿ ಮೇಲೆ ಮಣ್ಣು ಕೂಡಿಕೊಂಡಿತು. ನಾಲ್ಕು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಇಷ್ಟೆಲ್ಲ ಮಾಡಿ ಕೊನೆಗೆ ನೋಡೋದೇನು?" ಅಜ್ಜಿ ಕೇಳಿದಳು. "ಮಣ್ಣು."

ಪಾಪು ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅವತ್ತೇ. ಅದನ್ನು ಕಂಡು ಇಸ್ತ್ರಿಯಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನೆಲ ಒರೆಸುವ ಕೆಲಸವೂ ಅವತ್ತು ಭಾರವೆನಿಸಲಿಲ್ಲ.

ಆದರೆ ಬಾಳು ಒಂದು ರಜೆಯ ದಿನವಲ್ಲವಲ್ಲ. ಪಾಪು ಬೆಳಿಗ್ಗೆ ಹಿಟ್ಟಿನ ವಾಸನೆ ಹೊತ್ತು ಬರುತ್ತಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಕೆಲಸಕ್ಕೆ ಹೊರಡುವ ಡ್ರೈವರಿಗೆ ಪೆಟ್ಟಿಗೆಯಲ್ಲಿದ್ದ ಸಾಕ್ಸು ಬೇಕಾಗುತ್ತಿತ್ತು. ಆಮೇಲೆ ಅಜ್ಜಿಗೆ ಒಬ್ಬಳೇ ಕೂತು ಬೇಜಾರು. ಮೊಮ್ಮಗಳು ಎಚ್ಚರವಿದ್ದಾಳೋ ಎಂದು ಎರಡು ಸಲ ಕೂಗಿ ನೋಡುತ್ತಿದ್ದಳು, ಎರಡನೆಯ ಕೂಗಿಗೆ ಎಚ್ಚರವಾಗದಿರಲು ಸಾಧ್ಯವೇ ಇರಲಿಲ್ಲ. ಅಳಿಯ ಫೋನು ಮಾಡುತ್ತಿದ್ದ. ಇಷ್ಟೂ ದಾಟಿ ಕಣ್ಣು ಹತ್ತುವ ಹೊತ್ತಿಗೆ ಹೋಟೆಲಿನಿಂದ ಇಸ್ತ್ರಿಯಕ್ಕ ಬರುತ್ತಿದ್ದಳು. ಕಾಲು ತೊಳೆದು, ಅನ್ನ ಬೇಳೆ ಬಿಸಿ ಮಾಡಿ, ತಟ್ಟೆಯಲ್ಲಿ ಹಾಕಿಕೊಂಡು ಮಗಳ ತಲೆದಿಂಬಿನ ಬಳಿ ಕೂರುತ್ತಿದ್ದಳು. ಎರಡು ತುತ್ತು ತಿಂದು ಮಲಗು ಎನ್ನುತ್ತಿದ್ದಳು. ಪಾಪು ಕಣ್ಣು ಮುಚ್ಚಿಕೊಂಡೇ ತಿಂದು, ತಿಂದ ಮೇಲೆ ನಿದ್ದೆ ಬಾರದೆ ಗೋಡೆ ನೋಡುತ್ತ ಬಿದ್ದಿರುತ್ತಿದ್ದಳು.

ಎಬ್ಬಿಸಬೇಡ ಎಂದು ಅವಳು ಹೇಳದೆ ಇರಲಿಲ್ಲ. ಹಾಗೆಂದಾಗಲೆಲ್ಲ ತಾಯಿ ಆಯಿತೆಂದು ಹೇಳಿ ಮರುದಿನ ತಟ್ಟೆ ಹಿಡಿದು ಬರುತ್ತಿದ್ದಳು. ಒಂದು ಬೆಳಿಗ್ಗೆ ಪಾಪು ಮೊಣಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಒಲೆಯ ಬಾಗಿಲು ತಗುಲಿತ್ತು. ಇನ್ನೊಂದು ದಿನ ಬಸ್ಸಲ್ಲಿ ನಿದ್ದೆ ಹೋಗಿ ಕೊನೆಯ ನಿಲ್ದಾಣ ಮುಟ್ಟಿ, ಅಪ್ಪನ ಡಿಪೋದವರೇ ಎಬ್ಬಿಸಿ ಕಳಿಸಿದರು. ಡ್ರೈವರಿಗೆ ನಾಚಿಕೆಯಾಯಿತು. ಆಗ ಪಾಪು ತಾಯಿಗೆ ಹೇಳಿದಳು: ಕಾರ್ಖಾನೆಯ ಹಿಂದೆ ಹೆಂಗಸರ ಬಾಡಿಗೆ ಕೋಣೆಯಿದೆ, ಅಲ್ಲಿರುವವರೆಲ್ಲ ರಾತ್ರಿ ಪಾಳಿಯವರೇ, ಹಗಲೆಲ್ಲ ಪರದೆ ಎಳೆದು ಮಲಗುತ್ತಾರೆ. ತಿಂಗಳ ಕೊನೆಗೆ ಒಂದು ಹಾಸಿಗೆ ಖಾಲಿಯಾಗುತ್ತದೆ. ಇಲ್ಲಿ ಆಗದಿದ್ದರೆ ಅಲ್ಲಿಗೆ ಹೋಗುತ್ತೇನೆ.

"ಮನೆ ಇಟ್ಕೊಂಡು ಬಾಡಿಗೆ ಹಾಸಿಗೆಗೆ ಹೋಗ್ತೀಯಾ?" ಇಸ್ತ್ರಿಯಕ್ಕ ಕೇಳಿದಳು. "ನಿನಗೆ ಅಲ್ಲಿ ಊಟ ಯಾರು ಹಾಕ್ತಾರೆ?"

ಬಾಡಿಗೆ ಹಾಸಿಗೆಯ ಮಾತು ತಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಗಂಡನ ಮನೆಗೆ ಕಳಿಸಿದ್ದು ಬೇರೆ. ತನ್ನ ಮನೆಯೊಳಗಿದ್ದು, ತನ್ನ ಕೈಯ ಅನ್ನ ಉಂಡು, ಆಗುವುದಿಲ್ಲವೆಂದು ಎದ್ದು ಹೋಗುವುದು ಬೇರೆ. ಇಸ್ತ್ರಿಯಕ್ಕ ಹೆದರಿದಳು. ಹೆದರಿದವಳಿಗೆ ತೋಚಿದ್ದು ಇನ್ನೂ ಚೆನ್ನಾಗಿ ಉಣಿಸುವುದು. ಬೇಳೆಯ ಜೊತೆಗೆ ದಿನಾ ಮೊಟ್ಟೆಯೂ ಬಂತು.

ಇತ್ತ ಕಪ್ಪೆ ಮೇಲೆ ಬರುವುದನ್ನೇ ನಿಲ್ಲಿಸಿತ್ತು. ಮೊದಮೊದಲು ಸಂಜೆ ಕತ್ತಲಾದ ಮೇಲೆ ತಲೆ ಹೊರಹಾಕಿ, ಪಾಪು ಬಿಟ್ಟ ಮಿಡತೆಯನ್ನು ಗಬಕ್ಕನೆ ನುಂಗುತ್ತಿತ್ತು. ಈಗ ವಾರಗಳಿಂದ ಸುಳಿವಿಲ್ಲ. ಬಿಸಿಲು ಹೆಚ್ಚಿ ಮೇಲಿನ ಮಣ್ಣು ಒಣಗಿತ್ತು. ಪಾಪು ಅದಕ್ಕೆ ತಲೆಕೆಡಿಸಿಕೊಂಡಿರಲಿಲ್ಲ. ಒಣಗುವ ಕಾಲಕ್ಕೆ ಅದು ಹಾಗೇ ಆಳಕ್ಕೆ ಹೋಗುತ್ತದೆ, ತಿಂಗಳುಗಟ್ಟಲೆ ಬರದೆಯೂ ಇರಬಹುದು ಎಂದಿದ್ದಳು. ತಿಂಗಳುಗಟ್ಟಲೆ ಊಟವಿಲ್ಲದೆ ಎನ್ನುವ ಮಾತು ಇಸ್ತ್ರಿಯಕ್ಕನ ಕಿವಿಗೆ ಹೋಯಿತೇ ಹೊರತು ತಲೆಗೆ ಹೋಗಲಿಲ್ಲ. ಮನೆಯೊಳಗೆ ಒಂದು ಜೀವ ಉಪವಾಸವಿದೆ, ತಾನು ಅದರ ಪಕ್ಕದ ಕೋಣೆಯಲ್ಲಿ ಉಣ್ಣುತ್ತಿದ್ದೇನೆ ಎನ್ನುವುದಷ್ಟೇ ಅವಳಿಗೆ ಕಂಡದ್ದು.

ಒಂದು ಸಂಜೆ ಮಗಳು ಕೆಲಸಕ್ಕೆ ಹೋದ ಮೇಲೆ ಅವಳು ತಂತಿಬಲೆ ಎತ್ತಿ, ಅನ್ನದ ಸಟ್ಟುಗದಿಂದ ಮಣ್ಣು ತೆಗೆಯತೊಡಗಿದಳು. ಬಹಳ ಆಳದಲ್ಲಿ ಮೆತ್ತಗಿನದೇನೋ ತಗುಲಿತು. ಕೈಯಲ್ಲಿ ತೆಗೆದು ದೀಪದಡಿ ಹಿಡಿದಳು. ಕಪ್ಪೆಯೇ, ಆದರೆ ಕಾಲು ಮುದುಡಿ, ಕಣ್ಣು ಮುಚ್ಚಿ, ಮೈಗೆಲ್ಲ ಈರುಳ್ಳಿಯ ಸಿಪ್ಪೆಯಂಥ ಬೂದು ಪೊರೆ ಅಂಟಿಕೊಂಡಿತ್ತು. ಎಷ್ಟು ದಿನದ ಕೊಳೆಯೋ ಎಂದುಕೊಂಡಳು. ಇನ್ನೊಬ್ಬರಾಗಿದ್ದರೆ ಗಾಬರಿಯಾಗಿ ಮತ್ತೆ ಮುಚ್ಚಿಡುತ್ತಿದ್ದರೇನೋ. ಇವಳು ಕಲೆ ಕಂಡ ಬಟ್ಟೆಯನ್ನು ಹಾಗೇ ಮಡಿಚಿಟ್ಟವಳೇ ಅಲ್ಲ. ಹಿಂದಿನ ದಿನ ಹಿಡಿದಿಟ್ಟ ನೀರಲ್ಲಿ ಅದ್ದಿ, ಹೆಬ್ಬೆರಳಿಂದ ಮೆಲ್ಲಗೆ ಉಜ್ಜಿ, ಆ ಪೊರೆಯನ್ನು ಕಾಲಿಂದ, ಬೆನ್ನಿಂದ, ಮೂಗಿನ ತುದಿಯಿಂದ ಒಂದೊಂದಾಗಿ ಸುಲಿದು ತೆಗೆದಳು. ಎಂಥ ನಾಜೂಕಿನಿಂದ ತೆಗೆದಳೆಂದರೆ ಒಂದು ಗೀರೂ ಬೀಳಲಿಲ್ಲ. ಅಂಗಳದ ಹೂಕುಂಡದಿಂದ ಎರೆಹುಳ ಹುಡುಕಿ ತಂದು ಬಾಯಿಯ ಮುಂದಿಟ್ಟಳು. ಕಪ್ಪೆ ತಿನ್ನಲಿಲ್ಲ. ಒಣ ಮಣ್ಣಿನ ಮೇಲೆ ಅದನ್ನೂ ಹುಳವನ್ನೂ ಒಟ್ಟಿಗೆ ಬಿಟ್ಟು, ಹಸಿವಾದಾಗ ತಿನ್ನುತ್ತದೆ ಎಂದು ನೆಮ್ಮದಿಯಿಂದ ಮಲಗಿದಳು.

ಮರುದಿನ ಹೋಟೆಲಿನಿಂದ ಬಂದಾಗ ಮಗಳು ಮಲಗಿರಲಿಲ್ಲ. ತೊಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದಳು. ಕಪ್ಪೆಯ ಚರ್ಮ ಸುಕ್ಕಾಗಿ, ಹಿಂಗಾಲು ಜೋತುಬಿದ್ದಿತ್ತು. ನೀರಿನ ತಟ್ಟೆಯಲ್ಲಿ ಕೂರಿಸಿ, ಬೆನ್ನಿಗೆ ಚಮಚದಿಂದ ಹನಿ ಹನಿ ನೀರು ಬಿಡುತ್ತಿದ್ದಳು. ಮೈಮೇಲಿನ ಕೊಳೆಯನ್ನಷ್ಟೇ ತೊಳೆದದ್ದು ಎಂದು ಇಸ್ತ್ರಿಯಕ್ಕ ತಾನೇ ಹೇಳಿದಳು. ಅದು ಕೊಳೆಯಲ್ಲ, ಒಣಗಿ ಸಾಯದಿರಲೆಂದು ಅದು ತಾನೇ ಹೊದ್ದುಕೊಳ್ಳುವ ಪೊರೆ ಎಂದು ಪಾಪು ಹೇಳಿದಳು. ಬೇಸತ್ತ ದನಿಯಲ್ಲಿ, ಬೇರೆ ಯಾರಿಗೋ ಹೇಳುವಂತೆ ಹೇಳಿದಳು.

"ಹೊಟ್ಟೆಗೆ ಹಾಕೋಣ ಅಂತ ಎಬ್ಬಿಸಿದೆ," ಅಂದಳು ತಾಯಿ. "ಅದೂ ತಪ್ಪಾ?"

"ನನ್ನ ಅತ್ತೆನೂ ಇದೇ ಹೇಳ್ತಿದ್ರು ಅಮ್ಮ."

ಮೂವತ್ತು ವರ್ಷದಿಂದ ಎಬ್ಬಿಸಿ ಎಬ್ಬಿಸಿ ಉಣಿಸಿದವಳಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ತಾನು ಬೈದುಕೊಂಡು ತಿರುಗುತ್ತಿದ್ದ ಬೀಗಿತ್ತಿಯೂ ತಾನೂ ಒಂದೇ ಬಾಗಿಲನ್ನು ಒಂದೇ ರೀತಿ ತೆಗೆದವರು. ಅವಳು ಅಲ್ಲಿಂದೆದ್ದು ಹೋಗಿ ಸುಮ್ಮನೆ ಪಾತ್ರೆ ತೊಳೆದಳು, ತೊಳೆದಿದ್ದನ್ನೇ ಮತ್ತೆ ತೊಳೆದಳು. ಸಂಜೆ ಪಾಪು ಮಣ್ಣನ್ನು ಮೊದಲಿನಂತೆ ಹದವಾಗಿ ನೆನೆಸಿದಳು. ಕಪ್ಪೆ ಬಹಳ ಹೊತ್ತು ಒದ್ದಾಡಿ, ನಡುನಡುವೆ ನಿಂತು, ಹೇಗೋ ಒಳಗಿಳಿಯಿತು. ಬದುಕುತ್ತದೆಯೇ ಎಂದು ತಾಯಿ ಕೇಳಿದಳು. ಗೊತ್ತಿಲ್ಲ, ತೆಗೆದು ನೋಡಬಾರದು ಎಂದಳು ಮಗಳು. ತಿಂಗಳ ಕೊನೆಗೆ ಆ ಹಾಸಿಗೆಗೆ ಹೋಗುತ್ತೇನೆ, ಮಾತು ಕೊಟ್ಟಾಯಿತು ಎಂದೂ ಹೇಳಿದಳು.

ಅಂದಿನಿಂದ ಇಸ್ತ್ರಿಯಕ್ಕ ಮಧ್ಯಾಹ್ನ ಬಂದರೆ ಆ ಬಾಗಿಲ ಕಡೆ ಹೋಗುತ್ತಿರಲಿಲ್ಲ. ಒಳಗೆ ಮಗಳು ಉಪವಾಸ ಮಲಗಿದ್ದಾಳೆ, ಮಣ್ಣಿನಡಿ ಕಪ್ಪೆ ಇದೆಯೋ ಇಲ್ಲವೋ. ಎರಡನ್ನೂ ನೋಡದೆ ಇರುವುದು ಅವಳಿಗೆ ಉರುಳೆಯ ಮುಂದೆ ನಿಲ್ಲುವುದಕ್ಕಿಂತ ಕಷ್ಟದ ಕೆಲಸವಾಯಿತು. ಅಜ್ಜಿ ಕೂಗಲು ಬಾಯಿ ತೆರೆದರೆ ಕೈಸನ್ನೆ ಮಾಡಿ ತಡೆಯುತ್ತಿದ್ದಳು. ಡ್ರೈವರ ಸಾಕ್ಸನ್ನು ಹೊರಗಿನ ಗೂಡಿನಲ್ಲಿಟ್ಟಳು. ಪಾಪು ಇದನ್ನು ಗಮನಿಸಿದಳೋ ಇಲ್ಲವೋ ಹೇಳಲಿಲ್ಲ. ಸೂಟ್‌ಕೇಸಿಗೆ ಒಂದೊಂದೇ ಬಟ್ಟೆ ಸೇರುತ್ತಿತ್ತು.

ತಿಂಗಳು ಮುಗಿಯಲು ಇನ್ನೇನು ಕೆಲವೇ ದಿನ ಇದ್ದಾಗ, ಇಸ್ತ್ರಿಯಕ್ಕನ ರಜೆಯ ದಿನವೇ, ಮಧ್ಯಾಹ್ನ ಅಳಿಯನೂ ಬೀಗಿತ್ತಿಯೂ ಬಂದರು. ಮುಂಚಿತವಾಗಿ ಹೇಳಿರಲಿಲ್ಲ. ಅವತ್ತು ಡ್ರೈವರಿಗೂ ರಜೆ; ಸಡಗರದಿಂದ ಕುರ್ಚಿ ಒರೆಸಿದ. ಹುಡುಗ ಬಡಕಲಾಗಿದ್ದ, ಕೈಯಲ್ಲಿ ಹಣ್ಣಿನ ಚೀಲವಿತ್ತು, ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇವತ್ತು ಕರೆದುಕೊಂಡೇ ಹೋಗುವುದು ಎಂದು ಬೀಗಿತ್ತಿ ಬಂದ ಉದ್ದೇಶ ಹೇಳಿದಳು.

"ಪಾಪುನ ಎಬ್ಬಿಸು," ಎಂದ ಡ್ರೈವರು ಹೆಂಡತಿಗೆ.

ಇಸ್ತ್ರಿಯಕ್ಕ ಚಹಾ ತಂದಿಟ್ಟಳು. ಆಮೇಲೆ ಅಡುಗೆಮನೆಯ ಮಣೆ ಎತ್ತಿಕೊಂಡು ಹೋಗಿ ಸಾಮಾನು ಕೋಣೆಯ ಬಾಗಿಲ ಮುಂದೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ಈಗ ತಾನೇ ಕಣ್ಣು ಹತ್ತಿದೆ. ಎದ್ದ ಮೇಲೆ ಬರ್ತಾಳೆ," ಎಂದಳು. ದನಿ ಎತ್ತಲಿಲ್ಲ.

"ಅಳಿಯಂದಿರು ಬಂದಿದ್ದಾರೆ ಕಣೇ."

"ಬರಲಿ. ಕೂತಿರಲಿ. ಊಟ ಹಾಕ್ತೀನಿ."

ಬೀಗಿತ್ತಿಯ ಮುಖ ಬಿಗಿಯಿತು. ತಾವೇನು ಸೊಸೆಯನ್ನು ಉಪವಾಸ ಕೆಡವಿದವರಲ್ಲ, ಹೊತ್ತು ಹೊತ್ತಿಗೆ ಎಬ್ಬಿಸಿ ಮಗಳಂತೆ ಉಣಿಸಿದ್ದೇವೆ, ಅದಕ್ಕೆ ಈ ಮರ್ಯಾದೆಯೇ ಎಂದು ಕೇಳಿದಳು. ಆ ಮಾತಲ್ಲಿ ಸುಳ್ಳಿರಲಿಲ್ಲ. ಇಸ್ತ್ರಿಯಕ್ಕನಿಗೆ ಅವಳ ಮೇಲೆ ಸಿಟ್ಟೇ ಬರಲಿಲ್ಲ. ಕನ್ನಡಿಯ ಮೇಲೆ ಸಿಟ್ಟು ಮಾಡಿಕೊಂಡು ಆಗುವುದೇನು?

"ನಾನೂ ಎಬ್ಬಿಸಿದೆ ಬೀಗ್ರೇ," ಎಂದಳು. "ನೀವು ಪ್ರೀತಿಗೇ ಎಬ್ಬಿಸಿದ್ರಿ, ನಾನೂ ಪ್ರೀತಿಗೇ ಎಬ್ಬಿಸಿದೆ. ಇಬ್ಬರೂ ಸೇರಿ ಅವಳ ಮುಖ ಒಲೆಗೆ ಕೊಡ್ತಿದ್ವಿ. ಇವತ್ತು ನಾನು ಎಬ್ಬಿಸೋಲ್ಲ. ಯಾರೂ ಎಬ್ಬಿಸೋದು ಬೇಡ."

ಡ್ರೈವರು ಎದ್ದು ನಿಂತ. ಏಳು ಅಲ್ಲಿಂದ ಎಂದ. ಅವಳು ಏಳಲಿಲ್ಲ. ಮದುವೆಯಾದಾಗಿನಿಂದ ಅವಳು ಅವನ ಮಾತಿಗೆ ಎದುರಾಡಿದ್ದುಂಟು, ಗೊಣಗಿದ್ದುಂಟು. ಕೇಳಿಸಿಯೂ ಕೇಳದವಳಂತೆ ಕೂತದ್ದು ಇದೇ ಮೊದಲು. ಮಂಚದ ಮೇಲಿಂದ ಅಜ್ಜಿ, "ಡ್ರೈವರೇ, ಕೂತ್ಕೋ. ಕೆಂಪು ದೀಪ ಬಿದ್ದಿದೆ," ಎಂದಳು. ಅಳಿಯನಿಗೆ ನಗು ಬಂದು, ತಾಯಿಯ ಮುಖ ನೋಡಿ ನುಂಗಿಕೊಂಡ.

ಅವರು ಊಟ ಮಾಡಲಿಲ್ಲ. ಬಹಳ ಹೊತ್ತು ಕೂತರು. ಬಾಗಿಲಾಚೆ ಸದ್ದಿರಲಿಲ್ಲ. ಕೊನೆಗೆ ಬೀಗಿತ್ತಿ ಸೆರಗು ಕೊಡವಿ ಎದ್ದಳು. ಅಳಿಯ ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು, ಹಣ್ಣಿನ ಚೀಲವನ್ನು ಅತ್ತೆಯ ಮಣೆಯ ಪಕ್ಕಕ್ಕಿಟ್ಟ. ಅವಳು ಎಷ್ಟು ಗಂಟೆಗೆ ಏಳುತ್ತಾಳೆ ಎಂದು ಪಿಸುದನಿಯಲ್ಲಿ ಕೇಳಿದ. ಮದುವೆಯಾಗಿ ವರ್ಷದ ಮೇಲಾಗಿತ್ತು. ಅವನು ಇದನ್ನು ಕೇಳಿದ್ದು ಇವತ್ತು. ಸಂಜೆ ಹೊತ್ತಿಗೆ ಏಳುತ್ತಾಳೆ, ಸಂಜೆಯೇ ಬನ್ನಿ ಎಂದಳು ಇಸ್ತ್ರಿಯಕ್ಕ. ಅವನು ತಲೆಯಾಡಿಸಿ ಹೋದ.

ಡ್ರೈವರು ಅವರನ್ನು ನಿಲ್ದಾಣದವರೆಗೆ ಬಿಟ್ಟು ಬಂದ. ಮಾನ ಹರಾಜಾಯಿತು ಎಂದು ನಡುಮನೆಯಲ್ಲಿ ನಿಂತು ಒಂದಿಷ್ಟು ಹೊತ್ತು ಗೋಡೆಗೆ ಹೇಳಿದ. ತನಗೆ ಊಟ ಬೇಡವೆಂದ. ಬಡಿಸಲು ಹೆಂಡತಿ ಏಳುತ್ತಾಳೇನೋ ಎಂದು ಕಾದ. ಎದ್ದರೆ ಇವನು ಬಾಗಿಲು ಬಡಿಯುತ್ತಾನೆಂಬ ಗುಮಾನಿಯಿಂದ ಅವಳು ಕದಲಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅವಳ ಹೊಟ್ಟೆಗೆ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ. ಊದಿದ ಕಾಲನ್ನು ಮುಂದಕ್ಕೆ ಚಾಚಿದಳು. ಬೆನ್ನ ಹಿಂದಿನ ಬಾಗಿಲು ತಣ್ಣಗಿತ್ತು. ಒಳಗಿನಿಂದ ಮಗಳ ಉಸಿರು ಕೇಳುತ್ತದೇನೋ ಎಂದು ಕಿವಿಗೊಟ್ಟಳು, ಕೇಳಿಸಿದಂತೆಯೂ ಆಯಿತು.

ಕಣ್ಣು ಬಿಟ್ಟಾಗ ದೀಪ ಹತ್ತಿತ್ತು. ಎಲ್ಲಿದ್ದೇನೆಂದು ಮೊದಲು ತಿಳಿಯಲಿಲ್ಲ. ಅವಳು ನೆಲದ ಮೇಲೆ ಮಲಗಿದ್ದಳು, ತಲೆಯಡಿ ಮಗಳ ದಿಂಬಿತ್ತು, ಮೈಮೇಲೆ ಹೊದಿಕೆಯಿತ್ತು. ಹಿಂದಿನ ಬಾಗಿಲು ತೆರೆದಿತ್ತು, ಚಾಪೆ ಸುತ್ತಿಟ್ಟಿತ್ತು. ಸೂಟ್‌ಕೇಸು ಕಾಣಲಿಲ್ಲ.

"ಹೋಗಿಬಿಟ್ಟಳಾ?" ಎಂದಳು.

"ಕೆಲಸಕ್ಕೆ ಹೋದ್ಲು," ಎಂದಳು ಅಜ್ಜಿ ಮಂಚದಿಂದ. "ನಿನ್ನ ದಾಟಿಕೊಂಡು ಹೊರಗೆ ಬಂದ್ಲು. ತಾನೇ ಹಾಕ್ಕೊಂಡು ಎರಡು ಸಲ ಉಂಡ್ಲು. ಹುಡುಗ ಒಬ್ಬನೇ ಮತ್ತೆ ಬಂದಿದ್ದ, ಮೆಟ್ಟಿಲ ಮೇಲೆ ಕೂತು ಮಾತಾಡಿದ್ರು. ನಿನಗೆ ಎಚ್ಚರ ಆಗುತ್ತೆ ಅಂತ ಒಳಗೆ ಕರೀಲಿಲ್ಲ. ಏನು ಮಾತಾಡಿದ್ರೋ ನನ್ನ ಕಿವಿಗೆ ಬೀಳಲಿಲ್ಲ."

"ಸೂಟ್‌ಕೇಸು?"

"ಅಟ್ಟದ ಮೇಲಿಡಿಸಿದ್ಲು, ಅವರಪ್ಪನ ಕೈಲಿ. ಆ ಹಾಸಿಗೆ ಬೇರೆ ಯಾರಿಗಾದ್ರೂ ಕೊಡಿ ಅಂತ ಇವತ್ತೇ ಹೇಳ್ತಾಳಂತೆ."

ಇಸ್ತ್ರಿಯಕ್ಕನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಎತ್ತುವುದೂ ಬೇಡವೆನಿಸಿತು. ಕಪ್ಪೆ ಹೇಗಿದೆಯಂತೆ ಎಂದು ಕೇಳಿದಳು. ಅದನ್ನು ಯಾರು ಕೇಳಿದರು, ಅದೂ ಮಲಗಿರಬೇಕು ಎಂದಳು ಅಜ್ಜಿ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಮುಖ ದಪ್ಪ ಮಾಡಿಕೊಂಡಿದ್ದ ಡ್ರೈವರು ಹಸಿವು ತಡೆಯಲಾರದೆ, ಆರಿದ ಅನ್ನವನ್ನು ತಾನೇ ಬಡಿಸಿಕೊಂಡು ನಿಂತಲ್ಲೇ ತಿನ್ನುತ್ತಿದ್ದ. ಬೇಳೆ ಬಿಸಿ ಮಾಡಿಕೊಡೋಣವೆಂದು ಅವಳು ಮೊಣಕೈ ಊರಿದಳು.

"ಬಿದ್ಕೋ," ಅಂದಳು ಅಜ್ಜಿ. "ಎಲ್ಲರ ಊಟನೂ ಆಗ್ತಿದೆ."

ಇಸ್ತ್ರಿಯಕ್ಕ ತಲೆಯನ್ನು ಮತ್ತೆ ದಿಂಬಿಗಿಟ್ಟಳು. ದಿಂಬಿನಲ್ಲಿ ಬ್ರೆಡ್ಡಿನ ವಾಸನೆಯಿತ್ತು. ಎರಡು ತುತ್ತು ತಿಂದು ಮಲಗಬೇಕೆಂದು ಅಂದುಕೊಳ್ಳುತ್ತಿದ್ದಂತೆ ಕಣ್ಣು ಮುಚ್ಚಿತು. ಡ್ರೈವರು ಅವಳಿಗೂ ಒಂದು ತಟ್ಟೆ ಹಾಕಿಕೊಂಡು ಬಂದು, ನೋಡಿ, ಬಾಯಿ ತೆರೆದವನು ಮುಚ್ಚಿಕೊಂಡ. ತಟ್ಟೆಯನ್ನು ಒಯ್ದು ಮುಚ್ಚಿಟ್ಟು ದೀಪ ಆರಿಸಿದ. ಆ ಮನೆಯಲ್ಲಿ ಇಸ್ತ್ರಿಯಕ್ಕ ಉಣ್ಣದೆ ಮಲಗಿದ್ದು ಅವತ್ತೇ ಮೊದಲು. ಯಾರೂ ಎಬ್ಬಿಸಲಿಲ್ಲ.